ಯಂತ್ರ ಓದದ ಸಾಲು

ಫೆಬ್ರವರಿ ೧೦, ಸೋಮವಾರ

ಈ ಡೈರಿ ಕಂಪ್ರೆಸರ್ ಕಂಪನಿಯವರು ಕೊಟ್ಟದ್ದು. ನನಗೊಂದು, ಭಾವನಿಗೊಂದು. ಅವರದು ಪ್ಲಾಸ್ಟಿಕ್ ಕವರಿನೊಳಗೇ ಅವರ ಮೇಜಿನ ಮೇಲಿದೆ. ಬಾಯಿ ಇದ್ದವನಿಗೆ ಡೈರಿ ಯಾಕೆ ಅಂತ ಯಾರಾದರೂ ಕೇಳಬಹುದು. ಕೇಳುವವರಿಗೆ ತೋರಿಸುವ ಯೋಚನೆ ಇಲ್ಲ.

ಭಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಅಕ್ಕನ ಗಂಡ, ನನ್ನ ಪಾಲುದಾರ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಸೋತಿದೆ, ಮಾತು ಹೋಗಿದೆ. ನಾವು ಹೇಳಿದ್ದು ಅರ್ಥವಾಗುತ್ತದಂತೆ, ತಾವು ಹೇಳಬೇಕಾದ್ದು ನಾಲಿಗೆಗೆ ಬರುವುದಿಲ್ಲವಂತೆ. ದೇವರಿಗೆ ವ್ಯಾಪಾರ ಗೊತ್ತಿಲ್ಲ ಎಂದು ಇವತ್ತು ಖಾತ್ರಿಯಾಯಿತು. ಮಾತೇ ಬೇಕಿದ್ದರೆ ನನ್ನ ಹತ್ತಿರ ಗೋದಾಮುಗಟ್ಟಲೆ ಬಿದ್ದಿತ್ತು. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯನ ಮನೆಗೆ ಹೋಗಿ ಆ ನಾಲ್ಕನ್ನೂ ಎತ್ತಿಕೊಂಡು ಬಂದಿದ್ದಾನೆ.

ನಮ್ಮದು ಕೋಲ್ಡ್ ರೂಮುಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡಿ ಕೂರಿಸುವ ಕೆಲಸ. ಹಳೇ ಫ್ರಿಜ್ಜುಗಳನ್ನು ಬೀದಿಬೀದಿ ಮಾರಿ ಮೇಲೆ ಬಂದವನು ನಾನು. ಪೆಟ್ಟಿಗೆ ಮಾರುವುದು ನನ್ನ ಪಾಲು, ಪೆಟ್ಟಿಗೆಯೊಳಗಿನ ಪ್ರೋಗ್ರಾಮು ಭಾವನ ಪಾಲು. ಯಾರ ಕೋಣೆ ಎಷ್ಟು ತಣ್ಣಗಿರಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿದ್ದರೆ ಗಂಟೆ ಹೊಡೆಯಬೇಕು, ಕಟ್ಟಿದ ಮಂಜನ್ನು ಯಾವಾಗ ಕರಗಿಸಬೇಕು, ಎಲ್ಲವನ್ನೂ ಅವರು ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿಟ್ಟಿದ್ದಾರೆ. ಗಿರಾಕಿ ಒಂದು ಡಿಗ್ರಿ ಬದಲಿಸು ಎಂದರೂ ಭಾವನೇ ಲ್ಯಾಪ್‌ಟಾಪು ಹಿಡಿದು ಹೋಗಬೇಕು. ಬದಲಿಸಿದ ಮೇಲೆ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಕಾಗದದ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಎಡಗಡೆ ಹೆಸರು, ಬಲಗಡೆ ಅಂಕಿ. ಎಲ್ಲಕ್ಕೂ ಕೆಳಗೆ, ಯಾರು ಕೇಳಲಿ ಬಿಡಲಿ, ‘ಬಾಗಿಲು ಮುಚ್ಚಿ’.

ಸಂಜೆ ಮೀನಮ್ಮನ ಫೋನು. ಮೀನಿನ ಸಗಟು ಅಂಗಡಿಯ ಒಡತಿ, ನಮ್ಮ ಮೊದಲ ಗಿರಾಕಿ. ನನ್ನನ್ನು ಕರೆಯುವುದೇ ರೇಡಿಯೋ ಅಂತ.

“ಏನಯ್ಯಾ ರೇಡಿಯೋ, ನನ್ನ ಅಂಗಡೀನೂ ರೂಮೂ ಹೊಸ ಕಡೆಗೆ ಎತ್ತಿಟ್ಟಿದೀನಿ, ಸೆಟ್ಟಿಂಗು ಬದಲಾಯಿಸ್ಬೇಕು. ನಿಮ್ಮ ಭಾವನ್ನ ಕಳ್ಸು.”

ಹೇಳಿದೆ. “ಅಯ್ಯೋ ಮಗನೇ” ಎಂದಳು. ನನಗೇ ಅಂದದ್ದೋ ಭಾವನಿಗೋ ಗೊತ್ತಾಗಲಿಲ್ಲ. ಏನೂ ಅನ್ನಿಸಲಿಲ್ಲ.

ಫೆಬ್ರವರಿ ೧೩, ಗುರುವಾರ

ವಕೀಲರು ಕಾಗದ ಕಳಿಸಿದರು. ‘ಅನಾರೋಗ್ಯದ ಕಾರಣ ಪಾಲುದಾರಿಕೆಯಿಂದ ನಿವೃತ್ತಿ ಹೊಂದುತ್ತಿದ್ದೇನೆ’ ಎಂದು ಭಾವನ ಪರವಾಗಿ ಬರೆದಿದ್ದಾರೆ. ಎಡಗೈ ಹೆಬ್ಬೆಟ್ಟು ಸಾಕಂತೆ. ಔಷಧಿ ಗೋದಾಮಿನವರು ಮುಂದಿನ ತಿಂಗಳು ನಮ್ಮ ಪೆಟ್ಟಿಗೆ ಪರೀಕ್ಷಿಸಲು ಬರುತ್ತಾರೆ. ಅವರಿಗೆ ಎರಡು ಸಂಗತಿ ಬೇಕು: ಇಂಜಿನಿಯರ್ ಇಲ್ಲದೆಯೂ ಸೆಟ್ಟಿಂಗು ಬದಲಿಸುವ ದಾರಿ, ಮತ್ತು ಜವಾಬ್ದಾರಿ ಹೊರುವ ತಾಂತ್ರಿಕ ವ್ಯಕ್ತಿಯ ಹೆಸರು. ಮಾತು ಬಾರದವರ ಹೆಸರು ಹಾಕಿದರೆ ಗೋದಾಮು ಕೈಬಿಡುತ್ತದೆ ಎಂದರು ವಕೀಲರು. ಸರಿಯಾದ ಮಾತು. ಕಾಗದವನ್ನು ಚೀಲದಲ್ಲಿಟ್ಟೆ.

ಇಂಜಿನಿಯರ್ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. ಭಾವನೇ ಆರಿಸಿ ತಂದವಳು, ಹೋದ ವರ್ಷ.

“ಸಾರ್, ಬೇಜಾರು ಮಾಡ್ಕೋಬೇಡಿ, ಇದು ಉಪ್ಪನ್ನ ಬಾಣಲೆಗೆ ಬೆಸುಗೆ ಹಾಕಿದ ಹಾಗಿದೆ. ಉಪ್ಪಿನ ಡಬ್ಬಿ ಬೇರೆ ಇರ್ಬೇಕು. ಸೆಟ್ಟಿಂಗೆಲ್ಲ ಒಂದು ಚಿಕ್ಕ ಫೈಲಿಗೆ ಹಾಕೋಣ, ಪ್ರೋಗ್ರಾಮು ಶುರುವಾದಾಗ ಅದನ್ನ ಓದ್ಕೊಳ್ಳತ್ತೆ.”

“ಹಾಕು. ಅದಕ್ಕೇನು ಮುಹೂರ್ತ?”

“ಫೈಲನ್ನ ಯಾವ ರೂಪದಲ್ಲಿ ಬರೀಬೇಕು ಅನ್ನೋದು ತೀರ್ಮಾನ ಆಗ್ಬೇಕು. ಜೇಸನ್ ಇದೆ, ಯಾಮಲ್ ಇದೆ, ಐಎನ್‌ಐ ಇದೆ...”

“ಅಳಿಯಂದಿರನ್ನ ನೋಡೋ ಹಾಗಿದೆಯಲ್ಲಮ್ಮ.”

ನಗಲಿಲ್ಲ ಅವಳು. ನಾನೂ ನಗಿಸಲು ಹೇಳಿದ್ದಲ್ಲ, ಬಾಯಿಗೆ ಅಭ್ಯಾಸ.

ಫೆಬ್ರವರಿ ೧೪, ಶುಕ್ರವಾರ

ವರ್ಕ್‌ಶಾಪಿನ ಹಿಂದಿರುವ ಪರೀಕ್ಷೆಯ ಕೋಲ್ಡ್ ರೂಮಿನೊಳಗೆ ಹೋಗಿ ಕುಳಿತಿದ್ದೆ. ಬಾಗಿಲಿನ ರಬ್ಬರು ನೋಡಲು. ಜಾಕೆಟ್ಟು ಹಾಕಿಕೊಂಡಿರಲಿಲ್ಲ. ಚಳಿ ಆಗಲಿಲ್ಲ. ರಬ್ಬರು ಸರಿ ಇದೆ.

ಫೆಬ್ರವರಿ ೨೦, ಗುರುವಾರ

ಜೇಸನ್ ಆಗಲಿ ಎಂದೆ. ಎಲ್ಲರೂ ಬಳಸುತ್ತಾರಂತೆ. ಎಲ್ಲರೂ ಕೊಳ್ಳುವ ಮಾಲು ಮಾರುವುದು ಸುಲಭ. ಮೇಲೊಂದು ಮೀಸೆಯಂಥ ಬ್ರಾಕೆಟ್ಟು, ಕೆಳಗೊಂದು ಮೀಸೆ. ನಡುವೆ ಪ್ರತಿ ಹೆಸರಿಗೂ ಉದ್ಧರಣ ಚಿಹ್ನೆಯ ಕಿವಿಯೋಲೆ, ಪ್ರತಿ ಸಾಲಿನ ಕೊನೆಗೆ ಕಾಮಾ.

ಮೀನಮ್ಮನ ಅಂಗಡಿಗೆ ನಾನೇ ಹೋದೆ. ಗಿರಾಕಿಗೆ ಇದನ್ನು ಬದಲಿಸಲು ಬರುತ್ತದೋ ನೋಡಬೇಕಲ್ಲ, ನನಗಿಂತ ದಡ್ಡ ಗಿರಾಕಿ ಎಲ್ಲಿ ಸಿಗಬೇಕು. ಗಂಟೆಯ ಸಾಲು ಬೇಡವೆಂದಳು, ಕೊನೆಯ ಸಾಲು, ಅಳಿಸಿದೆ. ಪೆಟ್ಟಿಗೆ ಮತ್ತೆ ಶುರುವಾಗಲೇ ಇಲ್ಲ. ಹುಡುಗಿಗೆ ಫೋನು ಮಾಡಿದೆ.

“ಸಾರ್, ಅದರ ಮೇಲಿನ ಸಾಲೇ ಈಗ ಕೊನೇದಾಯ್ತಲ್ಲ, ಅದರ ಕಾಮಾ ತೆಗೆದ್ರಾ? ಕೊನೇ ಸಾಲಿಗೆ ಕಾಮಾ ಇರ್ಬಾರ್ದು.”

ಒಂದು ಅಲ್ಪವಿರಾಮ ಇಡೀ ಪೆಟ್ಟಿಗೆಗೆ ಪೂರ್ಣವಿರಾಮ ಹಾಕಿತ್ತು. ಮೀನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನಿಮ್ಮ ಭಾವ ಬಂದ್ರೆ ಟೀ ಆರೋದ್ರೊಳಗೆ ಮುಗೀತಿತ್ತು. ನೀನು ಬಂದು ನನ್ನ ಟೀನೂ ಕುಡಿದೆ, ಮೆಷೀನೂ ಕೊಂದೆ.”

ಟೀ ಕುಡಿದದ್ದು ನನಗೆ ನೆನಪಿಲ್ಲ. ಲೋಟ ಖಾಲಿ ಇತ್ತು, ಕುಡಿದಿರಬೇಕು.

ಫೆಬ್ರವರಿ ೨೧, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ.

ಫೆಬ್ರವರಿ ೨೭, ಗುರುವಾರ

ಅಕ್ಕ ಹೇಳದೆ ಕೇಳದೆ ಭಾವನನ್ನು ಆಟೋದಲ್ಲಿ ಕರೆದುಕೊಂಡು ವರ್ಕ್‌ಶಾಪಿಗೆ ಬಂದಳು.

“ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣೋ. ಗೋಡೇನೇ ನೋಡೋದಾದ್ರೆ ಇಲ್ಲಿನ ಗೋಡೆ ನೋಡ್ಲಿ. ಸಂಜೆ ಬಂದು ಕರ್ಕೊಂಡ್ ಹೋಗ್ತೀನಿ.”

“ಇಲ್ಲಿ ಕೆಲಸ ಇರತ್ತೆ ಅಕ್ಕಾ, ನೋಡ್ಕೊಳ್ಳೋರು ಯಾರು?”

“ಅವರೇನು ಮಗೂನಾ? ಸುಮ್ನೆ ಕೂತಿರ್ತಾರೆ. ಮೊದ್ಲೂ ಹಾಗೇ ತಾನೆ ಇದ್ದಿದ್ದು?”

ಹೋಗುವಾಗ ಇನ್ನೊಂದು ಹೇಳಿದಳು. ಮಾತು ಕಲಿಸುವ ಮೇಡಂ ಹೇಳಿದ್ದಂತೆ: ಅವರು ಏನಾದರೂ ಹೇಳಲು ಹೊರಟರೆ ನಾವು ಮುಗಿಸಿಕೊಡಬಾರದು, ಕಾಯಬೇಕು. “ನಿನಗೇ ಮುಖ್ಯವಾಗಿ ಹೇಳಿದ್ದು. ನೀನು ಯಾರ ಮಾತನ್ನ ತಾನೇ ಪೂರ್ತಿ ಕೇಳಿದೀಯ?”

ಎದುರಿನವನ ಮಾತು ಮುಗಿಸುವುದೇ ನನ್ನ ಕಸುಬು. ಗಿರಾಕಿ ‘ಬೇ...’ ಎಂದಾಗ ‘ಬೇಕು’ ಎಂದು ಮುಗಿಸಿದ್ದರಿಂದಲೇ ಈ ವರ್ಕ್‌ಶಾಪು ನಿಂತಿದೆ.

ಭಾವ ತಮ್ಮ ಕುರ್ಚಿಯಲ್ಲಿ ಕುಳಿತರು. ಚೀಲದಲ್ಲಿದ್ದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಬಹುದಿತ್ತು. ಶಾಯಿಯ ಪ್ಯಾಡು ಒಣಗಿತ್ತು.

ಮಾರ್ಚ್ ೩, ಸೋಮವಾರ

ಯಾಮಲ್ ನೋಡಿದೆವು. ಮೀಸೆಯಿಲ್ಲ, ಓಲೆಯಿಲ್ಲ, ಕಾಮಾ ಇಲ್ಲ. ಟಿಪ್ಪಣಿ ಬರೆಯಲೂ ಜಾಗವಿದೆ, ಜೇಸನ್ನಿನಲ್ಲಿ ಅದಕ್ಕೆ ಅವಕಾಶವೇ ಇಲ್ಲವಂತೆ. ಆದರೆ ಸಾಲಿನ ಮುಂದೆ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ. ಕೋಣೆಯ ಹೆಸರಿನ ಕೆಳಗೆ ಸೆಟ್ಟಿಂಗು, ಒಂದಿಷ್ಟು ಒಳಗೆ ಸರಿದು. ಸೆಟ್ಟಿಂಗಿನ ಕೆಳಗೆ ಇನ್ನೊಂದು, ಮತ್ತಷ್ಟು ಒಳಗೆ.

“ಬರೆದದ್ದಕ್ಕೆ ಅರ್ಥ ಇರ್ಲಿ. ಬರೀದೇ ಇರೋದಕ್ಕೂ ಅರ್ಥಾನಾ?”

“ಹೌದು ಸಾರ್, ಅದೇ ಅದರ ತೊಂದರೆ. ಇನ್ನೊಂದಿದೆ. ಮಂಜು ಕರಗಿಸೋ ಹೊತ್ತು ಐದೂವರೆ ಅಂತ ಬರೆದ್ರೆ, ನಾವು ಬಳಸೋ ಓದುಗ, ಅಂದ್ರೆ ಫೈಲು ಓದೋ ಪ್ರೋಗ್ರಾಮು, ಅದು ಹೊತ್ತು ಅಂತ ತಿಳೀದೆ ಅರವತ್ತರಿಂದ ಗುಣಿಸಿ ಮುನ್ನೂರ ಮೂವತ್ತು ಅನ್ನೋ ಅಂಕಿ ಅಂದ್ಕೊಳ್ಳತ್ತೆ. ಬೆಳಿಗ್ಗೆ ಪರೀಕ್ಷೆ ಮಾಡಿ ನೋಡ್ದೆ.”

ಬುದ್ಧಿವಂತೆ. ಗಿರಾಕಿಯ ಅಂಗಡಿಯಲ್ಲಿ ಗೊತ್ತಾಗಬೇಕಾದದ್ದನ್ನು ಇಲ್ಲೇ ಕಂಡುಹಿಡಿದಳು.

ಅವಳು ಊಟಕ್ಕೆ ಹೋದಾಗ ಭಾವ ಆ ಪರದೆಯನ್ನು ನೋಡುತ್ತಿದ್ದರು. ಎಡಗೈ ಬೆರಳು ಸಾಲಿನ ಮೇಲೆ ಓಡಿಸುತ್ತಾರೆ, ನಡುವೆ ನಿಲ್ಲುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಬಲಕ್ಕೆ ಸರಿದದ್ದು ಅವರಿಗೆ ಕಾಣುತ್ತಿಲ್ಲ. ತಟ್ಟೆಯಲ್ಲಿ ಬಲಗಡೆಯ ಅನ್ನ ಹಾಗೇ ಬಿಡುತ್ತಾರೆ ಎಂದು ಅಕ್ಕ ಹೇಳಿದ್ದು ಇದೇ ಇರಬೇಕು.

ಹುಡುಗಿ ಬಂದ ಮೇಲೆ ಸಾಲುಗಳು ಗಿಡ್ಡ ಇರಲಿ, ಎಲ್ಲ ಎಡಕ್ಕೇ ಅಂಟಿಕೊಂಡಿರಲಿ ಎಂದೆ. ಗಿರಾಕಿಗಳಿಗೆ ಅನುಕೂಲ.

ಮಾರ್ಚ್ ೬, ಗುರುವಾರ

ಮೀನಮ್ಮನಿಗೆ ಕಾಯುವ ಸಹನೆಯಿಲ್ಲ. ತೀರ್ಮಾನ ಆಗುವ ತನಕ ಜೇಸನ್ನೇ ಇರಲಿ ಎಂದು ಅವಳ ಫೈಲನ್ನು ನಾನೇ ತಯಾರಿಸಿದೆ. ಐಸ್‌ಕ್ರೀಮ್ ಅಂಗಡಿಯ ಫೈಲು ನಕಲು ಮಾಡಿ, ಮೇಲೆ ಮೀನಿನ ಡಿಗ್ರಿ ಸೇರಿಸಿದೆ. ಕಾಮಾಗಳನ್ನು ಎಣಿಸಿ ಎಣಿಸಿ ಇಟ್ಟೆ.

ಭಾವ ಪಕ್ಕದಲ್ಲಿದ್ದರು. ಪರದೆಯ ಮೇಲೆ ಬೆರಳಿಟ್ಟು ತಟ್ಟಿದರು. ಮತ್ತೆ ತಟ್ಟಿದರು. ಬಾಯಿ ತೆರೆದು ಏನೋ ಹುಡುಕಿದರು.

“ಗೊತ್ತಾಯ್ತು ಭಾವ, ಈ ಸಲ ಕಾಮಾ ಎಲ್ಲ ಸರಿ ಇದೆ ಅಂತ ತಾನೆ? ನಿಮ್ಮ ಶಿಷ್ಯ ಅಲ್ವಾ ನಾನು.”

ಲ್ಯಾಪ್‌ಟಾಪು ಮುಚ್ಚಿದೆ. ಅವರ ಬೆರಳು ಒಂದು ಕ್ಷಣ ಗಾಳಿಯಲ್ಲೇ ಇತ್ತು.

ಮಾರ್ಚ್ ೭, ಶುಕ್ರವಾರ

“ರೇಡಿಯೋ, ಬಾರಯ್ಯ ಇಲ್ಲಿ. ಬಂದು ನೋಡು.”

ಹೋದೆ. ಮೀನಮ್ಮ ಒಂದು ಮೀನು ತೆಗೆದುಕೊಂಡು ಮೇಜಿಗೆ ಕುಟ್ಟಿದಳು. ಬಾಗಿಲು ಬಡಿದಂತೆ ಸದ್ದು.

“ತಾಜಾ ಮೀನು ಕೇಳ್ದೋರಿಗೆ ಇದನ್ನ ಕೊಡ್ಲಾ? ಇದ್ರಲ್ಲಿ ಮೊಳೆ ಹೊಡೀಬಹುದು.”

ಹುಡುಗಿ ಫೈಲು ತೆರೆದು ನೋಡಿದಳು. ನಾನು ಮೀನಿನ ಡಿಗ್ರಿ ಸೇರಿಸಿದ್ದೆ. ಕೆಳಗಿದ್ದ ಐಸ್‌ಕ್ರೀಮಿನ ಡಿಗ್ರಿ ತೆಗೆದಿರಲಿಲ್ಲ. ಒಂದೇ ಹೆಸರು ಎರಡು ಸಲ ಬಂದರೆ ನಮ್ಮ ಪ್ರೋಗ್ರಾಮು ಜಗಳ ತೆಗೆಯುವುದಿಲ್ಲ. ಕೆಳಗಿನದನ್ನು ನಂಬಿ ಸುಮ್ಮನೆ ಕೆಲಸ ಮಾಡುತ್ತದೆ.

“ಇದು ನಾನೇ ತಡೀಬೇಕಿತ್ತು ಸಾರ್” ಎಂದಳು.

ನಾನು ಆ ಫೈಲನ್ನು ನೋಡಿದೆ. ಕೆಳಗಿನ ಸಾಲು. ನಿನ್ನೆ ಭಾವ ತಟ್ಟಿದ್ದು ಅದೇ ಸಾಲನ್ನು.

ಮೀನಮ್ಮನ ನಷ್ಟ ತುಂಬಿಕೊಡುತ್ತೇನೆಂದೆ. ಅವಳು ಬಾಗಿಲ ತನಕ ಬಂದು, “ಏನಯ್ಯಾ, ಬ್ಯಾಟರಿ ಹೋಯ್ತಾ? ಬೈದ್ರೆ ತಿರುಗಿಸಿ ನಾಲ್ಕು ಮಾತಾಡೋನು ನೀನು” ಎಂದಳು.

ವಾಪಸು ಬಂದಾಗ ಭಾವ ಕುರ್ಚಿಯಲ್ಲಿದ್ದರು. ಫೈಲು ತೆರೆದು ಅವರ ಮುಂದಿಟ್ಟೆ. ಅದೇ ಸಾಲಿನ ಮೇಲೆ ಬೆರಳಿಟ್ಟರು. ಹೂಂ ಎಂದೆ. ಅಷ್ಟೆ.

ಮಾರ್ಚ್ ೧೦, ಸೋಮವಾರ

ಇವತ್ತು ತೀರ್ಮಾನ ಮಾಡಿದೆ. ಭಾವನ ಟೇಪು ಹೇಗಿತ್ತೋ ಫೈಲೂ ಹಾಗೇ ಇರಬೇಕು. ಸಾಲಿಗೊಂದು ಹೆಸರು, ಸಮ ಚಿಹ್ನೆ, ಒಂದು ಅಂಕಿ. ಕೋಣೆ ಬದಲಾದರೆ ಚೌಕ ಬ್ರಾಕೆಟ್ಟಿನಲ್ಲಿ ಕೋಣೆಯ ಹೆಸರು. ಮುಗಿಯಿತು.

“ಅದೇ ಸಾರ್ ಐಎನ್‌ಐ. ಹಳೇ ಕಾಲದ್ದು. ಒಂದು ಹೇಳ್ಬೇಕು, ಇದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಅಂತ ಜೋಡಿಸೋಕೆ ಆಗಲ್ಲ. ನಾಳೆ ದೊಡ್ಡ ಗಿರಾಕಿ ಬಂದ್ರೆ ಕಷ್ಟ ಆಗ್ಬಹುದು. ಬರೆಯೋ ರೀತಿಗೆ ಗಟ್ಟಿ ನಿಯಮಾನೂ ಇಲ್ಲ, ನಾವೇ ಮಾಡ್ಕೋಬೇಕು.”

“ನಾಳೆಯದಕ್ಕೆ ನಾಳೆ ಸಾಲ ಮಾಡೋಣ. ನಿಯಮ ಏನೇನು, ನೀನೇ ಹೇಳು.”

ಅವಳು ಹೇಳಿದಳು. ಒಂದೇ ಹೆಸರು ಎರಡು ಸಲ ಬಂದರೆ ಪ್ರೋಗ್ರಾಮು ಹೊಸ ಫೈಲನ್ನು ಒಪ್ಪಬಾರದು, ಯಾವ ಸಾಲು ಎಂದು ನೇರ ಮಾತಿನಲ್ಲಿ ಹೇಳಿ, ಹಳೆಯ ಸೆಟ್ಟಿಂಗಿನಲ್ಲೇ ನಡೆಸಬೇಕು. ಗೊತ್ತಿಲ್ಲದ ಹೆಸರು ಬಂದರೂ ಹಾಗೇ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲನ್ನು ಓದದೆ ದಾಟಿ ಹೋಗಬೇಕು.

“ಓದದೇ ಇರೋ ಸಾಲು ಯಾಕೆ?”

“ಅದು ಯಂತ್ರಕ್ಕಲ್ಲ ಸಾರ್, ಮನುಷ್ಯರಿಗೆ. ಮುಂದೆ ಫೈಲು ತೆರೆಯೋರಿಗೆ ಏನಾದ್ರೂ ಹೇಳೋದಿದ್ರೆ.”

ಹಾಗೆಂದು ಭಾವನ ಕಡೆ ನೋಡಿದಳು. ನಾನು ಲೆಕ್ಕದ ಕಡೆ ನೋಡಿದೆ. ಈ ರೂಪಕ್ಕೆ ಓದುಗ ಬರೆಯುವುದು ಸುಲಭ, ಕೆಲಸ ಬೇಗ ಮುಗಿಯುತ್ತದೆ, ಗಿರಾಕಿಗೆ ಕಲಿಸುವ ತಾಪತ್ರಯ ಕಮ್ಮಿ. ಇವೇ ಕಾರಣ.

ಸಂಜೆ ಅಕ್ಕ ಬಂದಾಗ ವಕೀಲರ ಕಾಗದದ ವಿಷಯ ತೆಗೆಯೋಣ ಎಂದುಕೊಂಡೆ. ಅವಳ ಕೈತುಂಬ ತರಕಾರಿ ಚೀಲಗಳಿದ್ದವು.

ಮಾರ್ಚ್ ೧೩, ಗುರುವಾರ

ಭಾವನಿಗೆ ಕೀಲಿಮಣೆಯಲ್ಲಿ ಅಕ್ಷರ ಹುಡುಕುವುದು ಕಷ್ಟ. ಹೆಸರುಗಳನ್ನು ದೊಡ್ಡದಾಗಿ ಬರೆದು ಕಣ್ಣೆದುರಿಗಿಟ್ಟರೆ ನೋಡಿಕೊಂಡು ಒತ್ತುತ್ತಾರೆ ಎಂದು ಹುಡುಗಿ ಹೇಳಿದಳು. ಚೀಲದಿಂದ ಒಂದು ಹಾಳೆ ತೆಗೆದು ದಪ್ಪ ಪೆನ್ನಿನಲ್ಲಿ ಬರೆದೆ. ತಾಪ. ಬಾಗಿಲು. ಕರಗು. ಗಂಟೆ. ಅವರ ಎಡಗಡೆಗೆ ಬರುವ ಹಾಗೆ ಮೇಜಿಗೆ ಅಂಟಿಸಿದೆ, ಅಂಚಿಗೆಲ್ಲ ಅಂಟು ಹಚ್ಚಿ, ಏಳದ ಹಾಗೆ.

ಅಂಟಿಸಿದ ಮೇಲೆ ನೆನಪಾಯಿತು, ಅದು ವಕೀಲರ ಕಾಗದದ ಹಿಂಬದಿ. ಕೀಳಲು ನೋಡಿದೆ, ಹರಿಯುವ ಹಾಗಿತ್ತು. ಬಿಟ್ಟೆ. ಇನ್ನೊಂದು ಪ್ರತಿ ಕೇಳಿದರಾಯಿತು.

ಮಾರ್ಚ್ ೧೮, ಮಂಗಳವಾರ

ಪರೀಕ್ಷೆಯ ಕೋಣೆಯೊಳಗೆ ಹೋಗಿದ್ದೆ. ಬೇಗ ಹೊರಗೆ ಬಂದೆ, ಹಲ್ಲು ಕಟಕಟ ಎನ್ನುತ್ತಿತ್ತು. ಕಂಪ್ರೆಸರ್ ಏನಾದರೂ ಜಾಸ್ತಿ ಕೆಲಸ ಮಾಡುತ್ತಿದೆಯೋ ಎಂದು ಹುಡುಗಿಯನ್ನು ಕೇಳಿದೆ. ಎಂದಿನಷ್ಟೇ ಇದೆ ಎಂದಳು. ನಾಳೆ ಜಾಕೆಟ್ಟು ತರಬೇಕು.

ವಕೀಲರಿಗೆ ಇನ್ನೊಂದು ಪ್ರತಿ ಕೇಳುವುದು ಮರೆತೆ.

ಮಾರ್ಚ್ ೨೦, ಗುರುವಾರ

ಗೋದಾಮಿನ ಅಧಿಕಾರಿ ಬಂದರು. ಶೂ ಹೊಳೆಯುತ್ತಿತ್ತು. ಪರೀಕ್ಷೆಯ ಕೋಣೆಯ ಬಾಗಿಲು ತೆರೆದು ಒಳಗೆ ಇಣುಕಿದರು, ತೆರೆದೇ ಬಿಟ್ಟು ಅಲ್ಲೇ ನಿಂತರು.

“ಇದನ್ನ ಬರೆದ ಇಂಜಿನಿಯರ್ ಮುಟ್ಟಬಾರದು. ಬೇರೆ ಯಾರಾದ್ರೂ ನಾಲ್ಕಿದ್ದ ಡಿಗ್ರೀನ ಐದು ಮಾಡಿ ತೋರ್ಸಿ.”

ನಾನೇ ಮಾಡುವುದೆಂದು ಮಾತಾಗಿತ್ತು. ಆದರೆ ಕುರ್ಚಿಯಲ್ಲಿ ಭಾವ ಕುಳಿತಿದ್ದರು. ಎಬ್ಬಿಸುವುದು ತೊಡಕಿನ ಕೆಲಸ.

“ಭಾವ, ಐದು ಮಾಡಿ” ಎಂದೆ.

ಭಾವ ಎಡಗೈ ಎತ್ತಿದರು. ಮೇಜಿನ ಹಾಳೆ ನೋಡಿದರು. ಒಂದು ಅಕ್ಷರ. ಮತ್ತೆ ಹಾಳೆ. ಇನ್ನೊಂದು ಅಕ್ಷರ. ಅಧಿಕಾರಿ ಗಡಿಯಾರ ನೋಡಿದರು.

“ಇವರಿಗೆ ಹುಷಾರಿಲ್ಲ ಅನ್ಸತ್ತೆ. ನೀವೇ ಬೇಕಾದ್ರೆ...”

“ಇರಿ” ಎಂದೆ.

“ಅಲ್ಲ, ನನಗೆ ಇನ್ನೂ ಒಂದು ಕಡೆ...”

“ಸ್ವಲ್ಪ ಇರಿ ಸಾರ್.”

ಭಾವ ಕೆಳಗೆ ಹೊಸ ಸಾಲು ಬರೆದಿದ್ದರು, ತಾಪ ಸಮ ಐದು. ಮೇಲಿನ ನಾಲ್ಕು ಹಾಗೇ ಇತ್ತು. ಬಾಯಿ ತೆರೆದೆ, ಮುಚ್ಚಿದೆ. ಭಾವ ಫೈಲು ಉಳಿಸುವ ಗುಂಡಿ ಒತ್ತಿದರು. ಪರದೆಯ ಮೇಲೆ ಬಂತು: ‘ತಾಪ ಎಂಬುದು ಎರಡನೇ ಸಾಲಿನಲ್ಲೂ ಆರನೇ ಸಾಲಿನಲ್ಲೂ ಇದೆ. ಒಂದನ್ನು ತೆಗೆಯಿರಿ. ಸದ್ಯ ಹಳೆಯ ಸೆಟ್ಟಿಂಗಿನಲ್ಲೇ ನಡೆಯುತ್ತಿದೆ.’

ಭಾವ ನನ್ನ ಕಡೆ ತಿರುಗಿದರು. ಬಾಯಿಯ ಎಡ ತುದಿ ಸ್ವಲ್ಪ ಮೇಲೆದ್ದಿತ್ತು. ಬಲ ತುದಿಗೆ ಆಗುವುದಿಲ್ಲ. ಬೇಕೆಂದೇ ಮಾಡಿದ್ದು. ಮೀನಮ್ಮನ ಅಂಗಡಿಯ ನನ್ನ ತಪ್ಪನ್ನು ಅಧಿಕಾರಿಯ ಮುಂದೆ ಚೊಕ್ಕವಾಗಿ ಮಾಡಿ ತೋರಿಸಿದ್ದರು.

“ಓ, ತಪ್ಪಾದ್ರೆ ಹೀಗೆ ಹೇಳತ್ತಾ?” ಅಧಿಕಾರಿ ಕತ್ತು ಮುಂದೆ ಚಾಚಿದರು. “ನಿಲ್ಲೋದಿಲ್ವಾ ಮೆಷೀನು? ಇದು ಒಳ್ಳೇದು.”

ಭಾವ ಹಳೆಯ ಸಾಲು ಅಳಿಸಿದರು. ಐದಾಯಿತು. ಮುಗಿಯಿತೆಂದುಕೊಂಡೆ. ಆದರೆ ಅವರ ಬೆರಳು ಮತ್ತೆ ಹೊರಟಿತು. ಮೊದಲು ಹ್ಯಾಶ್ ಗುರುತು. ಆಮೇಲೆ ಒಂದೊಂದೇ ಅಕ್ಷರ. ಈ ಸಲ ‘ಇರಿ’ ಎನ್ನುವ ಅಗತ್ಯ ಬೀಳಲಿಲ್ಲ, ಎಲ್ಲರೂ ನಿಂತಿದ್ದೆವು. ಎರಡನೆಯ ಪದ ನನ್ನ ಹಾಳೆಯಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಒತ್ತಿದರು.

# ಬಾಗಿಲು ಮುಚ್ಚಿ

ಅಧಿಕಾರಿ ಓದಿದರು. ಹಿಂದೆ ತಿರುಗಿ ನೋಡಿದರು. ಹೊಳೆಯುವ ಶೂ ಹಾಕಿದ ಮನುಷ್ಯ ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದರು.

“ಜವಾಬ್ದಾರಿ ಹೊರೋ ತಾಂತ್ರಿಕ ವ್ಯಕ್ತಿ ಯಾರು, ಈ ಹುಡುಗೀನಾ?”

“ಅವಳು ಎರಡನೇದು ಬರ್ಕೊಳ್ಳಿ. ಮೊದಲನೇದು ಇವರು. ಮಾತು ಕಮ್ಮಿ.”

ಬರೆದುಕೊಂಡರು.

ಮಧ್ಯಾಹ್ನ ವಕೀಲರು ಫೋನು ಮಾಡಿದರು. ಕಾಗದ ಎಲ್ಲಿ ಎಂದರು. ಮೇಜಿಗೆ ಅಂಟಿದೆ ಎಂದೆ. ಇನ್ನೊಂದು ಕಳಿಸಲಾ ಎಂದರು. ಬೇಡ, ಮೇಜು ಒಂದೇ ಇರುವುದು ಎಂದೆ.

ಮಾರ್ಚ್ ೨೪, ಸೋಮವಾರ

ಮೀನಮ್ಮನಿಗೆ ಹೊಸ ಫೈಲು ಹಾಕಬೇಕಿತ್ತು. ಭಾವನನ್ನು ಕರೆತರುತ್ತೇನೆ ಎಂದೆ.

“ಮಾತು ಬರದೇ ಇರೋರನ್ನ ಕರ್ಕೊಂಡ್ ಬಂದು ಏನ್ ಮಾಡ್ತೀಯೋ?”

“ನಿನ್ನ ಅಂಗಡಿಗೆ ಅಂಥೋರೇ ಸರಿ. ಇಬ್ಬರ ಪಾಲಿಂದೂ ನೀನೇ ಆಡ್ತೀಯಲ್ಲ.”

“ಬಂತಪ್ಪ ರೇಡಿಯೋಗೆ ಕರೆಂಟು. ಟೀ ಇಟ್ಟಿರ್ತೀನಿ, ಬನ್ನಿ.”

ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾನು ಓಡಿಸಿದೆ. ಮೀನಮ್ಮ ಅಂಗಡಿ ಸ್ಥಳಾಂತರಿಸಿದ ಮೇಲೆ ಆ ಕಡೆಯ ರಸ್ತೆಗಳು ನನಗೆ ಇನ್ನೂ ಗೊಂದಲ; ಹೊಸ ಜಾಗ ಆರಿಸುವಾಗ ಅಳತೆಗೆಂದು ಹೋಗಿ ಬಂದದ್ದು ಭಾವನೇ. ಸಿಗ್ನಲ್ಲಿನಲ್ಲಿ ಬಲಕ್ಕೆ ಸೂಚಕ ಹಾಕಿ ನಿಂತಿದ್ದೆ. ಭಾವ ನನ್ನ ತೋಳು ಮುಟ್ಟಿದರು. ಬಾಯಿ ತೆರೆದರು. ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.

ಹಸಿರು ಬಂತು. ಹಿಂದೆ ಒಬ್ಬ ಹಾರ್ನು ಹೊಡೆದ, ಅವನ ಹಿಂದೆ ಇನ್ನೊಬ್ಬ. ಯಾರೋ ಕಿಟಕಿಯಿಂದ ತಲೆ ಹಾಕಿ ನನ್ನ ವಂಶವನ್ನೆಲ್ಲ ವಿಚಾರಿಸಿದ. ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.

“ಎ... ಎಡಕ್ಕೆ.”

ಸರಿಯಾಗಿತ್ತು. ತಿರುಗಿಸಿದೆ.